ಪರಕರವೂ ಬೆಳೆಯುತ್ತಿತ್ತು
ಕೃಷ್ಣಾ–ಭೀಮಾ ನದಿಗಳ ನಡುವಿನ ವಡಗೇರಾದ ಕರಿಮಣ್ಣಿನಲ್ಲಿ ಹತ್ತಿ ಬೆಳೆಯುತ್ತದೆ. ಅದೇ ನೆಲದ ಹುಡುಗಿಯರ ಮೈಮೇಲೆ ಈಗ ಸಂತೆಯ ಜಗಮಗ ಪಾಲಿಯೆಸ್ಟರ್ ಫ್ರಾಕು. ನಮ್ಮ ಕಡೆ ತಾಯಂದಿರು ಹಳೆಯ ಇಳಕಲ್ ಸೀರೆಯಲ್ಲಿ ಮಗಳಿಗೆ ಪರಕರ, ಗುಳೇದಗುಡ್ಡದ ಖಣದಲ್ಲಿ ಪೋಲಕ ಹೊಲಿಯುತ್ತಿದ್ದರು. ಸೀರೆಯ ದಡಿಯೇ ಪರಕರದ ಅಂಚು, ಬೇರೆ ಲೇಸು ಬೇಕಿರಲಿಲ್ಲ. ಜಾಣತನವೆಲ್ಲ ಕೆಳಗೆ ಮಡಚಿ ಹೊಲಿದ ಟಕ್ಕುಗಳಲ್ಲಿ: ಹುಡುಗಿ ಎತ್ತರವಾದಂತೆಲ್ಲ ಒಂದೊಂದೇ ಹೊಲಿಗೆ ಬಿಚ್ಚಿದರೆ ಪರಕರವೂ ಬೆಳೆಯುತ್ತಿತ್ತು. ಬಿಚ್ಚಿದ ಕಡೆ ಉಳಿಯುವ ಮಾಸದ ಬಣ್ಣದ ಪಟ್ಟೆಯೇ ಮಗಳ ವಯಸ್ಸಿನ ಲೆಕ್ಕ. ಮಿಕ್ಕ ತುಂಡು ಕೌದಿ ಸೇರುತ್ತಿತ್ತು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಹತ್ತಿ ಬಟ್ಟೆಯೇ ಸೈ. ಮೂಲೆಯ ಹೊಲಿಗೆ ಯಂತ್ರದ ಧೂಳು ಕೊಡವಿ, ಪಂಚಮಿಗೆ ಜೋಕಾಲಿ ಆಡುವ ಮಗಳಿಗೊಂದು ಪರಕರ ಹೊಲಿಯಿರಿ. ಟಕ್ಕು ಮಾತ್ರ ಮರೆಯಬೇಡಿ.