ಬೆಟ್ಟ ಹತ್ತಲು ವೈದ್ಯರ ಸಹಿ ಸಾಕೇ?

ಮಳೆ ಹಿಂದಾಗಿ ಮಲೆನಾಡಿನ ಕಾಲುದಾರಿಗಳು ಒಣಗುತ್ತಿದ್ದಂತೆ ಚಾರಣದ ಸುಗ್ಗಿ ಶುರುವಾಗುತ್ತದೆ. ಹಿಂದೆ ಇದು ಕಾಲೇಜು ಹುಡುಗರ, ಪರ್ವತಾರೋಹಣ ಸಂಘಗಳ ಹವ್ಯಾಸವಾಗಿತ್ತು. ಈಗ ಹಾಗಿಲ್ಲ. ಬ್ಯಾಂಕಿನವರು, ಮೇಷ್ಟ್ರುಗಳು, ಅಂಗಡಿ ಇಟ್ಟವರು, ಹೊಸದಾಗಿ ಮದುವೆಯಾದವರು ಎಲ್ಲರೂ ಬೆನ್ನಿಗೊಂದು ಚೀಲ ಏರಿಸಿ ಹೊರಡುತ್ತಾರೆ. ಹಣ ಕಟ್ಟಿದರೆ ಬಸ್ಸು, ಊಟ, ದಾರಿ ತೋರಿಸುವವನು ಎಲ್ಲವೂ ಸಿದ್ಧ. ಇದು ಸಂತೋಷದ ವಿಷಯವೇ. ಕುಳಿತು ಕುಳಿತು ಸೊಂಟ ಬೆಳೆಸಿಕೊಂಡ ನಮ್ಮ ಜನ ಬೆಟ್ಟ ಹತ್ತುವುದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಹೊರಡುವ ಹಿಂದಿನ ರಾತ್ರಿ ಅವರು ಹಿಡಿದುಕೊಂಡು ಬರುವ ಒಂದು ಹಾಳೆಯ ಮೇಲೆ. ಅದರ ಹೆಸರು ‘ಫಿಟ್‌ನೆಸ್ ಸರ್ಟಿಫಿಕೇಟ್’.

ನಮ್ಮ ಗೆಂಡೆಹಳ್ಳಿಯ ಕಡೆಯವರಿಗೆ ಹೊಯ್ಸಳರ ಬೇಲೂರು, ಹಳೇಬೀಡುಗಳು ಮನೆಯಂಗಳದ ಹಾಗೆ. ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತೇವೆ. ಆದರೆ ಆ ವಂಶದವರು ಮೊದಲಿದ್ದದ್ದು ಮೂಡಿಗೆರೆ ತಾಲ್ಲೂಕಿನ ಸೊಸೆವೂರಿನಲ್ಲಿ, ಅಂದರೆ ಇಂದಿನ ಅಂಗಡಿಯಲ್ಲಿ. ಅಲ್ಲಿಂದ ಇನ್ನೂ ಪಶ್ಚಿಮಕ್ಕೆ, ಘಟ್ಟದ ನೆತ್ತಿಯ ಮೇಲೆ, ಅವರ ಹೆಸರನ್ನೇ ಹೊತ್ತ ಬಲ್ಲಾಳರಾಯನದುರ್ಗದ ಪಾಳುಕೋಟೆ ಇದೆ. ಸುಂಕಸಾಲೆಯ ಕಡೆಯಿಂದ ಹೋದರೆ ದಾರಿ ಹತ್ತಿರ. ಆದರೆ ಚಾರಣಿಗರಿಗೆ ಮೆಚ್ಚಿನದು ಬೆಳ್ತಂಗಡಿ ಕಡೆಯ ದಾರಿ. ದಟ್ಟ ಕಾಡಿನಲ್ಲಿ ಬಂಡಾಜೆ ಅಬ್ಬಿಯವರೆಗೆ ಏರಿ, ಮೇಲಿನ ಹುಲ್ಲುಗುಡ್ಡ ದಾಟಿ, ಕೋಟೆ ನೋಡಿಕೊಂಡು, ಈಚೆಗೆ ಸುಂಕಸಾಲೆಗೆ ಇಳಿಯುವುದು. ಹಳಬರು ಇದನ್ನು ಎರಡು ದಿನದ ದಾರಿ ಎಂದೇ ಲೆಕ್ಕ ಹಾಕುತ್ತಿದ್ದರು. ಏರುವುದು ಸಾವಿರ ಮೀಟರಿಗೂ ಮಿಕ್ಕಿದ ಎತ್ತರ. ಅರಣ್ಯ ಇಲಾಖೆಯ ಅನುಮತಿ ಬೇಕು; ಕಾಡಿನಲ್ಲಿ ರಾತ್ರಿ ತಂಗಲು ಬಿಡುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಇಂಥ ಚಾರಣಗಳಿಗೆ ಜಗತ್ತಿನಲ್ಲಿ ಹೆಸರಾದದ್ದು ದಕ್ಷಿಣ ಅಮೆರಿಕದ ಪೆರು ದೇಶದಲ್ಲಿರುವ ಇಂಕಾ ದಾರಿ. ನಾಲ್ಕು ದಿನ, 40 ಕಿಲೋಮೀಟರಿಗೂ ಹೆಚ್ಚು ನಡೆದು ಮಾಚು ಪಿಚು ಎಂಬ ಪಾಳುನಗರ ಸೇರುತ್ತಾರೆ. (ವಯಸ್ಸಿನ ಮಾತು ಬಂದರೆ ನಮ್ಮ ಹಳೇಬೀಡೇ ಹಿರಿಯದು. ಅಲ್ಲಿನ ದೇವಾಲಯ 12ನೇ ಶತಮಾನದ್ದು, ಮಾಚು ಪಿಚು 15ನೇ ಶತಮಾನದ್ದು!) ಅಲ್ಲಿ ಪರವಾನಗಿ ಪಡೆದ ಮಾರ್ಗದರ್ಶಿಯಿಲ್ಲದೆ ಯಾರನ್ನೂ ಬಿಡುವುದಿಲ್ಲ. ಹೊರೆಯಾಳುಗಳೂ ಮಾರ್ಗದರ್ಶಿಗಳೂ ಸೇರಿ ದಿನಕ್ಕೆ 500 ಜನರಿಗೆ ಮಾತ್ರ ಅವಕಾಶ. ಮಳೆಗಾಲದ ಫೆಬ್ರವರಿಯಲ್ಲಿ ದಾರಿಯನ್ನೇ ಮುಚ್ಚುತ್ತಾರೆ. ನಮ್ಮಲ್ಲೂ 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ನೆರೆದ ಮೇಲೆ ಸರ್ಕಾರ ಎಚ್ಚೆತ್ತು, ಮುಂಗಡ ನೋಂದಣಿ, ದಿನದ ಮಿತಿ ಎಂದೆಲ್ಲ ಮಾಡಿತು. ಒಳ್ಳೆಯದೇ ಆಯಿತು. ಆದರೆ ತಲೆ ಎಣಿಸಿದರೆ ಕಾಡು ಉಳಿದೀತು. ಆ ತಲೆಗಳ ಕೆಳಗಿನ ಎದೆಯೊಳಗೆ ಏನಿದೆ ಎಂದು ಎಣಿಕೆ ಹೇಳುವುದಿಲ್ಲ.

ಇಂಕಾ ದಾರಿಯ ಕಣಿವೆಬಾಯಿ 4200 ಮೀಟರಿಗೂ ಮೇಲಿದೆ. ಅಲ್ಲಿ ಪ್ರಾಣವಾಯು ವಿರಳ. ತಲೆನೋವು, ವಾಂತಿ, ನಿದ್ರೆ ಬಾರದಿರುವುದು ಇವೆಲ್ಲ ಎತ್ತರದ ಕಾಯಿಲೆಯ ಲಕ್ಷಣಗಳು. ಸಾಮಾನ್ಯವಾಗಿ 2500 ಮೀಟರು ದಾಟಿದ ಮೇಲೆ ಈ ತೊಂದರೆ. ಕೇದಾರಕ್ಕೆ ಹೋಗುವವರು ಇದನ್ನು ನೆನಪಿಡಬೇಕು, ಅದು 3500 ಮೀಟರಿನ ಮೇಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2000 ಮೀಟರು ಮುಟ್ಟುವುದಿಲ್ಲ. ಆದ್ದರಿಂದ ನಮ್ಮ ಬೆಟ್ಟದಲ್ಲಿ ಏದುಸಿರು ಬಂದರೆ “ಎತ್ತರಕ್ಕೆ ಹಾಗಾಗುತ್ತೆ ಬಿಡಿ” ಎಂದು ಸಮಾಧಾನ ಹೇಳಬೇಡಿ. ಅದು ಗಾಳಿಯ ತಪ್ಪಲ್ಲ. ಅಭ್ಯಾಸವಿಲ್ಲದ ದೇಹದ್ದೋ, ಕಾಯಿಲೆ ಅಡಗಿಸಿಕೊಂಡ ಹೃದಯದ್ದೋ ದೂರು ಅದು. ಆಲ್ಪ್ಸ್ ಪರ್ವತದಲ್ಲಿ ನಡೆಯಲು ಬಂದು ಹಠಾತ್ತನೆ ಹೃದಯ ನಿಂತು ಸತ್ತವರ ವಿವರಗಳನ್ನು ಆಸ್ಟ್ರಿಯಾದ ವೈದ್ಯರು ಕಲೆಹಾಕಿದ್ದಾರೆ. ಅವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ ಗಂಡಸರು. ಬಹಳಷ್ಟು ಸಾವುಗಳು ಆದದ್ದು ಬಂದ ಮೊದಲ ದಿನವೇ.

ಈಗ ಆ ಹಾಳೆಯ ವಿಷಯಕ್ಕೆ ಬರೋಣ. ಹತ್ತು ನಿಮಿಷದಲ್ಲಿ ವೈದ್ಯರು ಏನು ನೋಡಬಲ್ಲರು? ರಕ್ತದೊತ್ತಡ, ನಾಡಿ, ಎದೆಯ ಸದ್ದು, ಶ್ವಾಸಕೋಶದ ಗುಯ್‌ಗುಟ್ಟುವಿಕೆ, ಅಷ್ಟೆ. ಮಲಗಿಸಿ ತೆಗೆದ ಇಸಿಜಿ ಸರಿಯಾಗಿದ್ದರೂ ಹೃದಯದ ರಕ್ತನಾಳ ಕಿರಿದಾಗಿರಬಹುದು. ಮಲಗಿದ ಹೃದಯ ಬೇರೆ, ಹೊರೆ ಹೊತ್ತು ಬಿಸಿಲಲ್ಲಿ ನಾಲ್ಕು ಗಂಟೆ ಏರುವ ಹೃದಯ ಬೇರೆ. ಹಾಗಿರುವಾಗ ‘ಚಾರಣಕ್ಕೆ ಸಮರ್ಥರು’ ಎಂಬ ಸಹಿಯಿಂದ ಆಗುವುದೇನು? ನಾಳೆ ಹೆಚ್ಚುಕಡಿಮೆಯಾದರೆ ಕರೆದೊಯ್ದವರು ಕೈ ತೊಳೆದುಕೊಳ್ಳಲು ಅನುಕೂಲ. ನಿಮ್ಮ ಪ್ರಾಣಕ್ಕೆ ಅದರಿಂದ ಮೂರು ಕಾಸಿನ ಕಾವಲೂ ಇಲ್ಲ.

ಹೋದ ಚಳಿಗಾಲದಲ್ಲಿ ಹೀಗೇ ಒಬ್ಬರು ಬಂದರು. ಶುಂಠಿ ವ್ಯಾಪಾರಿ, ವಯಸ್ಸು 46. “ಸಾರ್, ಒಂದ್ ಸೈನ್ ಹಾಕ್ಕೊಡಿ, ಬೆಳಗಿನ ಜಾವಕ್ಕೇ ಬಸ್ಸು” ಎಂದರು. ರಕ್ತದೊತ್ತಡ 150/96 ಇತ್ತು. ಕಡೆಯ ಸಲ ಬೆಟ್ಟ ಹತ್ತಿದ್ದು ಯಾವಾಗ ಎಂದರೆ, ಹೈಸ್ಕೂಲಿನಲ್ಲಿ! ಈ ಸಲ ಬೇಡ, ಎರಡು ತಿಂಗಳು ನಡೆದು ಅಭ್ಯಾಸ ಮಾಡಿಕೊಂಡು ಬನ್ನಿ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದರು. ಸಹಿ ಇನ್ನೆಲ್ಲೋ ಸಿಕ್ಕಿತು. ಮೊದಲ ದಿನ ಅರ್ಧ ದಾರಿಯಲ್ಲೇ ಮಾರ್ಗದರ್ಶಿ ಹುಡುಗ “ಅಣ್ಣಾ, ನೀವು ವಾಪಸ್ ಹೋಗೋದು ಒಳ್ಳೇದು” ಎಂದನಂತೆ. ಕಟ್ಟಿದ ಮೂರು ಸಾವಿರ ರೂಪಾಯಿ ನೀರಿಗೆ ಹೋಗುತ್ತದಲ್ಲ ಎಂದು ಇವರು ಮುಂದುವರಿದರು. ಎರಡನೆಯ ದಿನ ಇಳಿಯುವಾಗ ತೊಡೆ ನೋವಿಗೆ ಜೊತೆಯವರು ಕೊಟ್ಟ ನೋವಿನ ಮಾತ್ರೆ ನಾಲ್ಕು ನುಂಗಿದರು. ಮಂಗಳವಾರ ನನ್ನಲ್ಲಿಗೆ ಬಂದಾಗ ತೊಡೆಗಳು ಊದಿದ್ದವು, ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ತಡಮಾಡದೆ ಹಾಸನಕ್ಕೆ ಕಳಿಸಿದೆ. ಆರು ದಿನ ಡ್ರಿಪ್ ಹಾಕಿದ ಮೇಲೆ ಮೂತ್ರಪಿಂಡ ಚೇತರಿಸಿಕೊಂಡಿತು.

ಏನಾಗಿತ್ತು? ಬೆಟ್ಟ ಹತ್ತುವಾಗ ಶ್ರಮ ಹೃದಯಕ್ಕೆ, ಇಳಿಯುವಾಗ ಸ್ನಾಯುವಿಗೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಬ್ರೇಕಿನಂತೆ ಕೆಲಸ ಮಾಡುತ್ತದೆ; ಎಳೆಯುತ್ತಲೇ ಬಿಗಿಯಬೇಕು. ಅಭ್ಯಾಸವಿಲ್ಲದಿದ್ದರೆ ಎಳೆಗಳು ಹರಿದು, ಅವುಗಳೊಳಗಿನ ಕೆಂಪು ಪದಾರ್ಥ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸುವ ಹೊರೆ ಮೂತ್ರಪಿಂಡದ್ದು. ಬೆವರಿ ನೀರು ಕಡಿಮೆಯಾಗಿದ್ದಾಗ, ಅದರ ಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆ ಬಿದ್ದರೆ, ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಒಂದು ದಿನದ ಬೆಟ್ಟಕ್ಕೂ ಹಲವು ದಿನದ ಚಾರಣಕ್ಕೂ ಇರುವ ವ್ಯತ್ಯಾಸ ಇದೇ. ಈ ನೋವು ಏಳುವುದು ಒಂದು ರಾತ್ರಿ ಕಳೆದ ಮೇಲೆ, ಹೆಚ್ಚುವುದು ಎರಡು ಮೂರನೆಯ ದಿನ. ಅಷ್ಟರಲ್ಲಿ ನೀವು ರಸ್ತೆಯಿಂದ ದೂರ ಇರುತ್ತೀರಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೂತ್ರ ಕಪ್ಪಾದರೆ, ಅಥವಾ ಬರುವುದೇ ನಿಂತರೆ, ಮನೆಗೆ ಹೋಗಿ ನೋಡೋಣ ಎನ್ನಬೇಡಿ.

ಸಕ್ಕರೆ ಕಾಯಿಲೆಯವರು ಚಾರಣ ಮಾಡಬಾರದೆಂದು ನಾನು ಹೇಳುವುದಿಲ್ಲ. ಮಾಡಲಿ, ಅವರಿಗೇ ನಡಿಗೆ ಹೆಚ್ಚು ಬೇಕು. ಆದರೆ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ದಿನವಿಡೀ ಏರಿದರೆ ಸಕ್ಕರೆ ಕುಸಿಯಬಹುದು, ಅದೂ ರಾತ್ರಿ ಮಲಗಿದ ಮೇಲೆ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಮಾತ್ರೆಗಳು, ಬಿ.ಪಿ.ಗೆ ಕೊಡುವ ನೀರಿಳಿಸುವ ಮಾತ್ರೆಗಳು, ಬೆವರು ಸುರಿಯುವಾಗ ಮೈಯನ್ನು ಇನ್ನಷ್ಟು ಒಣಗಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಎರಡು ವಾರ ಮೊದಲು ನಿಮ್ಮ ವೈದ್ಯರ ಹತ್ತಿರ ಪ್ರಮಾಣ ಕೇಳಿಕೊಳ್ಳಿ. ಜೇಬಿನಲ್ಲಿ ಬೆಲ್ಲ ಅಥವಾ ಗ್ಲೂಕೋಸ್ ಇರಲಿ. ಚೀಲದಲ್ಲಿ ಬೇಡ, ಚೀಲವನ್ನು ಹೊರೆಯವನು ಮುಂದೆ ಒಯ್ದಿರುತ್ತಾನೆ.

ಹೆಣ್ಣುಮಕ್ಕಳಿಗೆ ಎರಡು ಮಾತು. ದಾರಿಯಲ್ಲಿ ಮರೆಯಿಲ್ಲ ಎಂಬ ಸಂಕೋಚಕ್ಕೆ ನೀರನ್ನೇ ಕುಡಿಯದೆ ದಿನವಿಡೀ ನಡೆಯುತ್ತೀರಿ. ಉರಿಮೂತ್ರ, ಜ್ವರ ಹಿಡಿಸಿಕೊಂಡು ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಇದು ನಿಮ್ಮ ತಪ್ಪಲ್ಲ. ತಂಡದಲ್ಲಿ ಹೆಂಗಸರಿದ್ದಾರೆಂದು ಗೊತ್ತಿದ್ದೂ ನಾಲ್ಕು ಗಂಟೆಗೊಮ್ಮೆಯಾದರೂ ನಿಲ್ಲಿಸದ ಸಂಘಟಕರ ತಪ್ಪು. ಇನ್ನೊಂದು, ಮುಟ್ಟು ಮುಂದೂಡುವ ಮಾತ್ರೆ. ಔಷಧದಂಗಡಿಯಲ್ಲಿ ಕೇಳಿ ನುಂಗುವ ಪದಾರ್ಥವಲ್ಲ ಅದು. ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಅರೆತಲೆನೋವು ಇರುವವರು ವೈದ್ಯರಿಗೆ ಹೇಳದೆ ತೆಗೆದುಕೊಳ್ಳಲೇಬಾರದು.

ಶಿವರಾತ್ರಿಯ ಹೊತ್ತಿಗೆ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗುವ ಪಾದಯಾತ್ರಿಗಳನ್ನು ನೋಡಿದ್ದೀರಲ್ಲ? ಅವರೂ ದಿನಗಟ್ಟಲೆ ನಡೆಯುತ್ತಾರೆ. ಅಂಗಾಲಲ್ಲಿ ಬೊಬ್ಬೆ ಬರುತ್ತದೆ ನಿಜ. ಆದರೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರಿದ್ದಾರೆ, ಕುಸಿದರೆ ಎತ್ತಲು ಪಕ್ಕದಲ್ಲೇ ರಸ್ತೆಯಿದೆ. ಮಜ್ಜಿಗೆಗೆ ಉಪ್ಪು ಹಾಕುವ ನಮ್ಮ ಹಿರಿಯರ ಬುದ್ಧಿ ದೊಡ್ಡದು. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ತೆಳುವಾಗಿ ತಲೆ ಮಂಕಾಗುತ್ತದೆ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು: ಇದು ಮನೆಯಲ್ಲೇ ಆಗುವ ಜೀವಜಲ.

ಜಿಗಣೆಗೆ ಹೆದರುವ ಅಗತ್ಯವಿಲ್ಲ, ಅದು ಸ್ವಲ್ಪ ರಕ್ತ ಕುಡಿದು ಬೀಳುತ್ತದೆ. ಹೆದರಬೇಕಾದ್ದು ಉಣ್ಣೆಗೆ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ಈಗ ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಚಾರಣದ ಕಾಲವೂ ಅದರ ಕಾಲವೂ ಹೆಚ್ಚುಕಡಿಮೆ ಒಂದೇ, ಡಿಸೆಂಬರಿನಿಂದ ಮೇ. ಪೂರ್ತಿ ತೋಳಿನ ಅಂಗಿ ತೊಡಿ, ಸಂಜೆ ಕಂಕುಳು, ತೊಡೆಸಂದು ಹುಡುಕಿ ನೋಡಿ. ಬಂದ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಹಾವು ಕಡಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಡಿಸಿಕೊಂಡವರನ್ನು ನಡೆಸಬೇಡಿ, ಹೊತ್ತು ತನ್ನಿ. 108ಕ್ಕೆ ಕರೆ ಮಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆಂದು ಮಾರ್ಗದರ್ಶಿಗೆ ಗೊತ್ತಿರಬೇಕು.

ಹಾಗಾದರೆ ಪರೀಕ್ಷೆಯೇ ಬೇಡವೇ? ಬೇಕು, ಆದರೆ ಬೆಟ್ಟದ ಮೇಲೆ. ಕೈಲಾಸ ಮಾನಸ ಸರೋವರ ಯಾತ್ರೆಯ ಕ್ರಮ ನೋಡಿ. ಲಿಪುಲೇಖದ ದಾರಿಯಲ್ಲಿ ಹೋಗುವವರಿಗೆ ದೆಹಲಿಯಲ್ಲಿ ಪರೀಕ್ಷೆ ಮಾಡಿದ್ದು ಸಾಲದೆಂದು ಮೇಲೆ ಗುಂಜಿಯಲ್ಲಿ ಇನ್ನೊಮ್ಮೆ ಮಾಡುತ್ತಾರೆ. ತೇರ್ಗಡೆಯಾಗದಿದ್ದರೆ ಅಲ್ಲಿಂದಲೇ ವಾಪಸು. ನಮ್ಮ ಎರಡು ದಿನದ ಚಾರಣಕ್ಕೆ ಅಷ್ಟು ದೊಡ್ಡ ಏರ್ಪಾಡು ಬೇಡ. ಮೊದಲ ಎರಡು ಗಂಟೆ ಏರಿದ ಮೇಲೆ ಎಲ್ಲರನ್ನೂ ಕೂರಿಸಲಿ. ಹತ್ತು ನಿಮಿಷದ ವಿಶ್ರಾಂತಿಯ ನಂತರವೂ ಪೂರ್ತಿ ವಾಕ್ಯ ಮಾತಾಡಲಾಗದವರು, ಎದೆ ಹಿಡಿದುಕೊಂಡವರು, ತಲೆ ಸುತ್ತಿದವರು, ತೊದಲುವವರು ಕೆಳಗಿಳಿಯಲಿ. ಅದಕ್ಕೆ ತಂಡಕ್ಕೆ ಇಬ್ಬರು ಮಾರ್ಗದರ್ಶಿಗಳಿರಬೇಕು. ಒಬ್ಬನೇ ಇದ್ದರೆ ಇಳಿಸುವವರಾರು? ಅವನ ಮಾತೇ ಅಂತಿಮವಾಗಬೇಕು. ಹಿಂತಿರುಗಿದವರಿಗೆ ಕಟ್ಟಿದ ಹಣದಲ್ಲಿ ಅರ್ಧವಾದರೂ ವಾಪಸು ಸಿಗಬೇಕು. ಮೂರು ಸಾವಿರ ಕಳೆದುಕೊಳ್ಳುವ ಸಂಕಟಕ್ಕೆ ಮೂತ್ರಪಿಂಡ ಒತ್ತೆಯಿಡುವ ಜನ ನಾವು. ಹಣ ಕಟ್ಟುವ ಮೊದಲು ಈ ಮೂರು ಪ್ರಶ್ನೆ ಕೇಳಿ. ಉತ್ತರ ಸಿಗದಿದ್ದರೆ ಬೇರೆಯವರ ಜೊತೆ ಹೋಗಿ.

ಮನೆಯ ಪರೀಕ್ಷೆಯೂ ಒಂದಿದೆ. ಅರಸೀಕೆರೆಯವರಿಗೆ ಮಾಲೇಕಲ್ಲು ಬೆಟ್ಟದ ಮೆಟ್ಟಿಲಿದೆ, ಹಳೇಬೀಡಿನವರಿಗೆ ಪುಷ್ಪಗಿರಿ ಇದೆ. ಎಂಟು ವಾರ ಮೊದಲೇ ಆರಂಭಿಸಿ. ಮೊದಲು ಬರಿಗೈಲಿ, ಆಮೇಲೆ ಬೆನ್ನಿಗೆ ಐದಾರು ಕೆ.ಜಿ. ಅಕ್ಕಿ ಹೊತ್ತು. ಕಡೆಯ ವಾರಗಳಲ್ಲಿ ಶನಿವಾರ, ಭಾನುವಾರ ಎರಡೂ ದಿನ ಹತ್ತಿ ಇಳಿಯಿರಿ, ಏಕೆಂದರೆ ನಿಮಗೆ ಗೊತ್ತಾಗಬೇಕಾದ್ದು ಎರಡನೆಯ ದಿನದ ಕಾಲು. ಹತ್ತುವಾಗ ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಅಲ್ಲೇ ನಿಂತು ನೇರವಾಗಿ ಆಸ್ಪತ್ರೆಗೆ ಬನ್ನಿ. ಏನೂ ತೊಂದರೆಯಿಲ್ಲದಿದ್ದರೂ 40 ದಾಟಿದವರು ಹೊರಡುವ ಒಂದು ತಿಂಗಳು ಮೊದಲು ಬಂದು, ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ತೋರಿಸಿ, ಯಾವ ಬೆಟ್ಟ, ಎಷ್ಟು ದಿನ, ಎಷ್ಟು ಹೊರೆ ಎಂಬುದನ್ನು ಹೇಳಿ. ಆಗ ಮಾತಾಡಲು ನಮಗೂ ಸಮಯವಿರುತ್ತದೆ. ಹಾಳೆಯ ಮೇಲಿನ ಸಹಿ ಆಮೇಲೆ.