ಹಾಡಿಯ ಅರ್ಜಿಗೆ ಉತ್ತರ ಕೊಡಿ

ವಿಜಯದಶಮಿಯ ದಿನ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಮೈಸೂರು ಅರಮನೆಯಿಂದ ಬನ್ನಿಮಂಟಪದ ಕಡೆಗೆ ಹೊರಟಾಗ ನಾವು ಲಕ್ಷಗಟ್ಟಲೆ ಜನ ಕೈಮುಗಿದು ನಿಲ್ಲುತ್ತೇವೆ. ಆನೆಗಳ ಹೆಸರು ನಮ್ಮ ಮಕ್ಕಳಿಗೂ ಬಾಯಿಪಾಠ. ಆ ಆನೆಗಳನ್ನು ನಡೆಸಿಕೊಂಡು ಬರುವ ಮಾವುತರು, ಕಾವಾಡಿಗಳು ಯಾರು ಎಂದು ಕೇಳಿದರೆ ಎಷ್ಟು ಮಂದಿ ಹೇಳಬಲ್ಲೆವು? ಅವರಲ್ಲಿ ಹಲವರು ಜೇನುಕುರುಬರು. ಹಬ್ಬ ಮುಗಿಯುವ ತನಕ ನಮ್ಮ ನಡುವೆ ಇರುತ್ತಾರೆ, ಆಮೇಲೆ ತಮ್ಮ ಊರಾದ ಹಾಡಿಗೆ ಹೋಗುತ್ತಾರೆ, ಅಲ್ಲಿಗೆ ನಮ್ಮ ನೆನಪು ಮುಗಿಯುತ್ತದೆ.

ಹುಣಸೂರು, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ದಕ್ಷಿಣ ಕೊಡಗಿನ ಕಾಡಂಚುಗಳಲ್ಲಿ ಈ ಜನರ ಹಾಡಿಗಳಿವೆ. 2011ರ ಜನಗಣತಿಯ ಪ್ರಕಾರ ಇವರು ಸುಮಾರು 36 ಸಾವಿರ. ವಿಶೇಷ ದುರ್ಬಲ ಬುಡಕಟ್ಟುಗಳೆಂದು ಸರ್ಕಾರ ಕರ್ನಾಟಕದಲ್ಲಿ ಗುರುತಿಸಿರುವುದು ಎರಡನ್ನೇ: ಕೊರಗರು ಮತ್ತು ಜೇನುಕುರುಬರು. ಹೆಜ್ಜೇನು ಯಾವ ಮರಕ್ಕೆ ಯಾವ ತಿಂಗಳಲ್ಲಿ ಬಂದು ಕೂರುತ್ತದೆ, ತುಡುವೆ ಯಾವ ಪೊಟರೆ ಹಿಡಿಯುತ್ತದೆ, ಯಾವ ಬಳ್ಳಿಯ ಬುಡ ಅಗೆದರೆ ಗೆಣಸು ಸಿಗುತ್ತದೆ, ಮುಂದಿನ ವರ್ಷಕ್ಕೂ ಅದು ಚಿಗುರಬೇಕಾದರೆ ಎಷ್ಟನ್ನು ಮಣ್ಣಲ್ಲೇ ಬಿಡಬೇಕು ಎಂಬುದೆಲ್ಲ ಇವರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಬೇಟೆ, ಜೇನು, ಗೆಡ್ಡೆಗಳಲ್ಲಿ ಬದುಕಿದ ಈ ಜನ ಕಾಡು ಬರಿದು ಮಾಡಲಿಲ್ಲ. ನಾಗರಹೊಳೆಯಲ್ಲಿ ಇಂದು ಹುಲಿಯಿದೆ, ಆನೆಯಿದೆ ಎಂಬುದೇ ಅದಕ್ಕೆ ಸಾಕ್ಷಿ.

ಆ ಕಾಡು 1955ರಲ್ಲಿ ಅಭಯಾರಣ್ಯವಾಯಿತು, ಮುಂದೆ ರಾಷ್ಟ್ರೀಯ ಉದ್ಯಾನವಾಯಿತು, ಕೊನೆಗೆ ಹುಲಿ ಸಂರಕ್ಷಿತ ಪ್ರದೇಶವಾಯಿತು. ಒಂದೊಂದು ಹೆಸರು ಬಂದಾಗಲೂ ಹಾಡಿಗಳು ಹೊರಕ್ಕೆ ಸರಿದವು. 1970ರ ದಶಕದಲ್ಲಿ ಕಬಿನಿ ಜಲಾಶಯವೂ ಕೆಲವರ ನೆಲ ನುಂಗಿತು. ಹೊರಗೆ ಬಂದವರಿಗೆ ಕಾದಿದ್ದದ್ದು ಕಾಫಿತೋಟದ ಲೈನ್ ಮನೆ, ದಿನಗೂಲಿ, ಮುಂಗಡದ ಸಾಲ. ನಾವು ಕುಡಿಯುವ ಕೊಡಗಿನ ಕಾಫಿಯಲ್ಲಿ ಜೇನುಕುರುಬರ, ಯರವ ಬುಡಕಟ್ಟಿನವರ ಬೆವರಿದೆ. 2016ರ ಡಿಸೆಂಬರ್ ಚಳಿಯಲ್ಲಿ ಕೊಡಗಿನ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದದ್ದು ಇಂಥದೇ ನೂರಾರು ಕುಟುಂಬಗಳು. ಲೈನ್ ಮನೆ ಬಿಟ್ಟು ಸ್ವಂತದ್ದೊಂದು ಸೂರು ಬೇಕೆಂದದ್ದೇ ಅವರ ತಪ್ಪಾಯಿತು.

‘ಅವರು ಬದಲಾಗುವುದಿಲ್ಲ, ಮುಖ್ಯವಾಹಿನಿಗೆ ಬರುವುದಿಲ್ಲ’ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಇನ್ನೆಷ್ಟು ಬದಲಾಗಬೇಕು? ಜೇನು ಕೀಳುವುದಕ್ಕೆ ತಡೆ ಬಂದಾಗ ಕಾಫಿ ಕೊಯ್ಯಲು ಕಲಿತರು. ಅರಣ್ಯ ಇಲಾಖೆ ಕರೆದಾಗ ಆನೆ ಪಳಗಿಸಿದರು, ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಕಾವಲು ಕಾದರು, ಬೆಂಕಿ ನಂದಿಸಿದರು. ಮಕ್ಕಳನ್ನು ಆಶ್ರಮಶಾಲೆಗೆ ಕಳಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ಈ ಜನ ಕಾನೂನು ಕಲಿತರು. 2006ರ ಅರಣ್ಯ ಹಕ್ಕು ಕಾಯ್ದೆಯ ಯಾವ ಕಲಂ ಏನು ಹೇಳುತ್ತದೆ ಎಂದು ವಿವರಿಸಬಲ್ಲವರು ಇಂದು ಹಾಡಿಗಳಲ್ಲಿದ್ದಾರೆ. ಆಧುನಿಕತೆಯ ಭಾಷೆಯನ್ನು ಅವರು ಕಲಿತು ಮಾತಾಡುತ್ತಿದ್ದಾರೆ. ಉತ್ತರ ಕೊಡಬೇಕಾದ ಕಡೆ ಮೌನವಿದೆ.

ಆ ಕಾಯ್ದೆ ಹೇಳುವುದು ಬಹಳ ಸರಳ. ಹಕ್ಕಿನ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಹಕ್ಕು ಯಾರದೆಂದು ಗುರುತಿಸುವ ಕೆಲಸ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ಹಕ್ಕು ಕೋರಿದ ಅರ್ಜಿ ತಿರಸ್ಕರಿಸಿದರೆ ಕಾರಣ ತಿಳಿಸಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. ಕಾಗದಪತ್ರ ಇಲ್ಲದವರ ಪಾಲಿಗೆ ಹಿರಿಯರ ಹೇಳಿಕೆ, ಹಳೆಯ ಬಾವಿ, ಸಮಾಧಿ, ದೇವರ ಬನಗಳೂ ಪುರಾವೆಯಾಗಬಹುದೆಂದು ನಿಯಮದಲ್ಲೇ ಬರೆದಿದೆ. ಅಜ್ಜ ಅಜ್ಜಿಯರನ್ನು ಹೂತ ಜಾಗ ತೋರಿಸಿ ‘ನಾವು ಇಲ್ಲಿಯವರು’ ಎನ್ನುವವನ ಮಾತಿಗೆ ಈ ದೇಶದ ಕಾನೂನು ಬೆಲೆ ಕೊಟ್ಟಿದೆ. ನಾವು ಕೊಟ್ಟಿದ್ದೇವೆಯೇ?

2025ರ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತರಷ್ಟು ಕುಟುಂಬಗಳು ನಾಗರಹೊಳೆಯೊಳಗಿನ ಕರಡಿಕಲ್ಲಿಗೆ ನಡೆದು ಹೋಗಿ ಗುಡಿಸಲು ಕಟ್ಟಲು ಕೂತವು. 1980ರ ದಶಕದಲ್ಲಿ ಅಲ್ಲಿಂದ ಹೊರಹಾಕಲ್ಪಟ್ಟವರು, ಅವರ ಮಕ್ಕಳು, ಮೊಮ್ಮಕ್ಕಳು ಇವರು. ಎದುರಿಗೆ ನಿಂತದ್ದು ಅರಣ್ಯ ಇಲಾಖೆ, ಪೊಲೀಸರು. ಆಗ ಅದೇ ಕಾಡಿನ ದಾರಿಯಲ್ಲಿ ಬೆಳಿಗ್ಗೆ ಸಂಜೆ ಸಫಾರಿ ಜೀಪುಗಳು ಓಡಾಡುತ್ತಿದ್ದವು. ಹಣ ತೆತ್ತು ಹೋಗುವ ನಮ್ಮಿಂದ ಹುಲಿಗೆ ಕೇಡಿಲ್ಲ, ಅಲ್ಲೇ ಹುಟ್ಟಿದವರಿಂದ ಕೇಡು ಎಂದು ಯಾವ ಬಾಯಲ್ಲಿ ಹೇಳುವುದು?

ಹುಲಿಯೂ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ನೋಡಿ. ಅಲ್ಲಿಯ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಕೊಟ್ಟದ್ದು ದೇಶದಲ್ಲೇ ಮೊದಲು. ಅಲ್ಲಿ ಸೋಲಿಗರ ಊರುಗಳಾದ ಪೋಡುಗಳೂ ಇವೆ, ಹುಲಿಗಳೂ ಇವೆ. ಹಿಂದೆ ಸೋಲಿಗರು ನೆಲದ ತರಗೆಲೆಗೆ ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಕಳೆ ಹೇಗೆ ಹಬ್ಬಿತು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಕಾಡು ಕಾಯಲು ಹೊರಟವರು ಕಾಡು ಬಲ್ಲವರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಕನ್ನಡಿಗರೇ, ಇದು ದೂರದ ಯಾವುದೋ ದ್ವೀಪದ ಕಥೆಯಲ್ಲ. ನಾಗರಹೊಳೆ ಮೈಸೂರಿನಿಂದ ಎರಡು ಗಂಟೆಯ ದಾರಿ. ಸಫಾರಿಗೆ ಹೋಗುವವರು ಈ ಕಾಡಿನ ಹಾಡಿಗಳು ಎಲ್ಲಿ ಹೋದವು ಎಂದು ಅಲ್ಲಿಯೇ ನಿಂತು ಕೇಳಿ. ತೋಟದ ಮಾಲೀಕರು ಮುಂಗಡದ ಲೆಕ್ಕವನ್ನು ಹರಿದುಹಾಕಿ, ಕಾನೂನಿನ ಕೂಲಿ ಕೊಡಿ, ಲೈನ್ ಮನೆಯಲ್ಲಿ ಇರುವವರಿಗೆ ಅರ್ಜಿ ಹಾಕುವ ದಿನ ರಜೆ ಕೊಡಿ. ಮೇಷ್ಟ್ರುಗಳು ಹಾಡಿಯ ಮಗುವಿನ ಮಾತನ್ನು ತರಗತಿಯಲ್ಲಿ ನಗೆಪಾಟಲಾಗಲು ಬಿಡಬೇಡಿ. ವಕೀಲರು ಒಂದೊಂದು ಹಾಡಿಯ ಕಡತ ಹಿಡಿದು ಮೇಲ್ಮನವಿ ಬರೆದುಕೊಡಿ. ಶಾಸಕರು, ಅಧಿಕಾರಿಗಳು ಕಚೇರಿಯಲ್ಲಿ ಕೂತು ಷರಾ ಬರೆಯುವುದನ್ನು ಬಿಟ್ಟು ಹಾಡಿಗೆ ಬನ್ನಿ, ಗ್ರಾಮಸಭೆಯ ಮುಂದೆ ನಿಂತು, ಸಮಾಧಿ ತೋರಿಸುವವರ ಜೊತೆ ನಡೆದು, ಬಾಕಿ ಇರುವ ಒಂದೊಂದು ಅರ್ಜಿಯನ್ನೂ ಹೆಸರು ಹಿಡಿದು ಓದಿ ತೀರ್ಮಾನಿಸಿ. ಮುಂದಿನ ದಸರೆಗೆ ಆನೆಗಳು ಕಾಡಿನಿಂದ ಹೊರಡುವುದರೊಳಗೆ ಇದು ಆಗಬೇಕು.