ಪುಷ್ಪಕ್ ಇಳಿದದ್ದಕ್ಕೆ ಲೆಕ್ಕವಿದೆ, ಸ್ಮಾರ್ಟ್ ಬೋರ್ಡ್‌ಗೆ?

2024ರ ಜೂನ್ 23ರ ಬೆಳಿಗ್ಗೆ ನಮ್ಮ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಇಸ್ರೊದ ‘ಪುಷ್ಪಕ್’ ತಾನಾಗಿಯೇ ರನ್‌ವೇಗೆ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ, ಬೇಕೆಂದೇ ರನ್‌ವೇಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿತ್ತು. ಅದು ದಾರಿ ಸರಿಪಡಿಸಿಕೊಂಡು ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಅದಕ್ಕೂ ಮುಂಚೆ 2023ರ ಏಪ್ರಿಲ್‌ನಲ್ಲಿ ಒಂದು, 2024ರ ಮಾರ್ಚ್‌ನಲ್ಲಿ ಇನ್ನೊಂದು ಪರೀಕ್ಷೆ ನಡೆದಿದ್ದವು. ಪ್ರತಿ ಸಲವೂ ಏನನ್ನು ಅಳೆಯಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ‘ಹೆಲಿಕಾಪ್ಟರ್‌ನಿಂದ ಬಿಟ್ಟಾಯಿತು, ಆದ್ದರಿಂದ ಪ್ರಯೋಗ ಯಶಸ್ವಿ’ ಎಂದು ಯಾರೂ ಹೇಳಲಿಲ್ಲ.

ಅದೇ ತಾಲ್ಲೂಕಿನ ಶಾಲೆಗಳ ವಿಷಯ ಬಂದಾಗ ನಾವು ಹೇಳುವುದು ಹೆಚ್ಚುಕಡಿಮೆ ಇದನ್ನೇ. ಸ್ಮಾರ್ಟ್ ಬೋರ್ಡ್ ಬಂತು, ಟೇಪು ಕತ್ತರಿಸಿದರು, ಫೋಟೊ ತೆಗೆಸಿಕೊಂಡರು, ಅಲ್ಲಿಗೆ ಯೋಜನೆ ಯಶಸ್ವಿ. ನಾನು ಓದಿದ ಸರ್ಕಾರಿ ಪ್ರೌಢಶಾಲೆಯಲ್ಲಿ ಪ್ರೊಜೆಕ್ಟರ್ ಇತ್ತು. ಅದರ ಕೋಣೆಗೆ ಬೀಗವೂ ಇತ್ತು. ಹಾಳಾದರೆ ರಿಪೇರಿಗೆ ದುಡ್ಡು ಎಲ್ಲಿಂದ ತರುವುದು ಎಂಬ ಮೇಷ್ಟರ ಭಯ ನನಗೆ ಈಗ ಅರ್ಥವಾಗುತ್ತದೆ. ಆದರೆ ಕಾಗದದ ಮೇಲೆ ನಮ್ಮದು ಪ್ರೊಜೆಕ್ಟರ್ ಇರುವ ಶಾಲೆ.

ಈ ಕಥೆ ಹೊಸದೇನೂ ಅಲ್ಲ. ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರದ ಪ್ರಾಥಮಿಕ ಶಾಲೆಗಳನ್ನು ತಲುಪಿದವು. 2016–17ರಿಂದ ‘ಟಾಲ್ಪ್’ ಯೋಜನೆ ನಡೆಯಿತು. ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಪ್ರತಿ ವರ್ಷ ಶಾಲೆಗಳು ತುಂಬುವ ಯು-ಡೈಸ್ ನಮೂನೆ ಕಂಪ್ಯೂಟರ್ ಇದೆಯೇ, ಇಂಟರ್‌ನೆಟ್ ಇದೆಯೇ ಎಂದು ಕೇಳುತ್ತದೆ. ಅದರಿಂದ ಏಳನೇ ತರಗತಿಯ ಮಗುವಿಗೆ ಭಿನ್ನರಾಶಿ ಬಂತೇ ಎಂದು ಕೇಳುವುದು ಆ ನಮೂನೆಯ ಕೆಲಸವಲ್ಲ. ಹಾಗಾದರೆ ಅದು ಯಾರ ಕೆಲಸ?

ಅಳೆದು ನೋಡಿದವರಿಗೆ ಸಿಕ್ಕ ಉತ್ತರಗಳು ಕುತೂಹಲಕರ. ಪೆರು ದೇಶ ಹಳ್ಳಿ ಶಾಲೆಗಳ ಮಕ್ಕಳಿಗೆ ತಲೆಗೊಂದರಂತೆ ಲ್ಯಾಪ್‌ಟಾಪ್ ಹಂಚಿತು. 319 ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಹೊರಬಂದ ಅಧ್ಯಯನದಲ್ಲಿ ಗಣಿತ ಮತ್ತು ಭಾಷೆಯ ಅಂಕಗಳು ಏರಿದ್ದಕ್ಕೆ ಪುರಾವೆಯೇ ಸಿಗಲಿಲ್ಲ. ದೆಹಲಿಯಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಬೇರೆ ಥರದ ಪ್ರಯೋಗ ಪರೀಕ್ಷಿಸಿದರು. ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ ಅರ್ಧ ಹೊತ್ತು ಕಂಪ್ಯೂಟರ್, ಅರ್ಧ ಹೊತ್ತು ಸಣ್ಣ ಗುಂಪಿಗೆ ಬೋಧಕರ ಪಾಠ. ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದಾರೆ ಎಂಬುದು ಅಲ್ಲಿ ಮೊದಲು ಗೊತ್ತಾಯಿತು. ತಂತ್ರಾಂಶ ಪ್ರತಿ ಮಗುವಿಗೂ ಅದು ನಿಂತಿದ್ದ ಮೆಟ್ಟಿಲಿನಿಂದಲೇ ಪ್ರಶ್ನೆ ಕೊಟ್ಟಿತು. ಲಾಟರಿಯಲ್ಲಿ ಆಯ್ಕೆಯಾದ ಮಕ್ಕಳನ್ನೂ ಆಗದವರನ್ನೂ ಹೋಲಿಸಿದಾಗ, ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ವ್ಯತ್ಯಾಸ ಎದ್ದು ಕಂಡಿತು. ಎರಡೂ ಕಡೆ ಇದ್ದದ್ದು ಕಂಪ್ಯೂಟರೇ. ದೆಹಲಿಯಲ್ಲಿ ಮಗು ಎಲ್ಲಿ ನಿಂತಿದೆ ಎಂದು ನೋಡಿ ಆಮೇಲೆ ಪಾಠ ಶುರು ಮಾಡಿದರು.

ಮೊಳಕಾಲ್ಮುರು ಕಡೆ ಈ ‘ಎಲ್ಲಿ ನಿಂತಿದೆ’ ಎಂಬ ಪ್ರಶ್ನೆ ಇನ್ನೂ ಗಟ್ಟಿ. ರಾಯದುರ್ಗದತ್ತ ಹೋಗುವ ಗಡಿಯ ಊರುಗಳಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ವಿಡಿಯೊದ ಧ್ವನಿ ‘ಛೇದ’, ‘ಅಂಶ’ ಎಂದು ಗ್ರಾಂಥಿಕ ಕನ್ನಡದಲ್ಲಿ ಓಡುತ್ತಿರುತ್ತದೆ. ಕ್ಲಾಸಿನಲ್ಲಿರುವ ಮೇಡಂ ಮಕ್ಕಳ ಮುಖ ನೋಡಿ, ಪಾಠ ನಿಲ್ಲಿಸಿ, ‘ಕಿಂದ ಉಂಡೇದಿ’ ಎಂದು ಕೆಳಗಿನ ಅಂಕಿಯ ಮೇಲೆ ಬೆರಳಿಡುತ್ತಾರೆ. ಆ ಒಂದು ಕ್ಷಣವನ್ನು ಯಾವ ಪರದೆಯೂ ಇನ್ನೂ ಕಲಿತಿಲ್ಲ. ಪಾಠವನ್ನು ಬೇಕಾದಲ್ಲಿ ನಿಲ್ಲಿಸಬಲ್ಲ ಶಿಕ್ಷಕಿಯ ಕೈಗೆ ರಿಮೋಟ್ ಕೊಟ್ಟರೆ ಅದೇ ವಿಡಿಯೊ ಉಪಯೋಗಕ್ಕೆ ಬಂದೀತು. ಅವರ ಬದಲಿಗೆ ಅದನ್ನು ಹಚ್ಚಿಟ್ಟರೆ ಬರಲಾರದು. ಕುದಾಪುರದ ಐಐಎಸ್‌ಸಿ ಆವರಣದ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ವಿಜ್ಞಾನ, ಗಣಿತ ಶಿಕ್ಷಕರನ್ನು ಕರೆಸಿ, ಅವರ ಕೈಯಲ್ಲೇ ಪ್ರಯೋಗ ಮಾಡಿಸಿ ತರಬೇತಿ ಕೊಡುತ್ತದೆ. ನನ್ನ ಮಟ್ಟಿಗೆ ನಮ್ಮ ತಾಲ್ಲೂಕಿನ ಶಾಲೆಗಳಿಗೆ ಹತ್ತಿರದಲ್ಲಿರುವ ಅತ್ಯುತ್ತಮ ‘ಶಿಕ್ಷಣ ತಂತ್ರಜ್ಞಾನ’ ಅದೇ.

‘ಮತ್ತೊಂದು ಸಮೀಕ್ಷೆ, ಮತ್ತೊಂದು ರಿಜಿಸ್ಟರ್ ಬೇಡಪ್ಪಾ’ ಎಂದು ಶಿಕ್ಷಕರು ಕೈ ಮುಗಿದಾರು. ಮುಗಿಯಲಿ, ತಪ್ಪಿಲ್ಲ. ಗಣತಿ, ಬಿಸಿಯೂಟ, ಆನ್‌ಲೈನ್ ಹಾಜರಿಯಲ್ಲೇ ಅವರು ಹೈರಾಣಾಗಿದ್ದಾರೆ. ಅಳೆಯುವ ಕೆಲಸ ನಮ್ಮಂಥವರದ್ದಾಗಬಹುದು. ವಿಟಿಯು ಪಠ್ಯಕ್ರಮದಲ್ಲಿ ‘ಸೋಷಿಯಲ್ ಕನೆಕ್ಟ್ ಆ್ಯಂಡ್ ರೆಸ್ಪಾನ್ಸಿಬಿಲಿಟಿ’ ಎಂಬ ವಿಷಯವಿದೆ. ಅದರಲ್ಲಿ ಗಿಡ ನೆಡುತ್ತೇವೆ, ಪಾರಂಪರಿಕ ತಾಣ ನೋಡಿ ವರದಿ ಬರೆಯುತ್ತೇವೆ. ವರದಿ ಎಷ್ಟು ಮಂದಿಯದ್ದು ಒಂದೇ ಥರ ಇರುತ್ತದೆ ಎಂಬುದು ಓದುಗ ಗೆಳೆಯರಿಗೆ ಗೊತ್ತೇ ಇದೆ!

ಆ ಗಂಟೆಗಳಲ್ಲಿ ಇಬ್ಬರು ಮೂವರು ಸೇರಿ ತಮ್ಮೂರಿನ ಒಂದು ಶಾಲೆಗೆ ಹೋಗಲಿ. ಜೂನ್‌ನಲ್ಲಿ ಹತ್ತು ಲೆಕ್ಕಗಳ ಒಂದು ಹಾಳೆ, ಫೆಬ್ರುವರಿಯಲ್ಲಿ ಅದೇ ಮಟ್ಟದ ಇನ್ನೊಂದು ಹಾಳೆ. ನಡುವೆ ಬೋರ್ಡ್ ಎಷ್ಟು ಗಂಟೆ ಉರಿಯಿತು, ಎಷ್ಟು ದಿನ ಕರೆಂಟ್ ಇರಲಿಲ್ಲ ಎಂಬ ಟಿಪ್ಪಣಿ. ಬೋರ್ಡ್ ಇಲ್ಲದ ಪಕ್ಕದ ಊರಿನ ಶಾಲೆಯಲ್ಲೂ ಅದೇ ಎರಡು ಹಾಳೆ. ಮಕ್ಕಳ ಹೆಸರು ಬೇಡ, ಶಾಲೆಗೆ ರ‍್ಯಾಂಕ್ ಬೇಡ. ಎರಡು ಶಾಲೆ ಹೋಲಿಸಿದರೆ ಸಂಶೋಧನೆ ಆಗುವುದಿಲ್ಲ, ನಿಜ. ಆದರೆ ಮುಂದಿನ ವರ್ಷ ಇನ್ನೊಂದು ಬೋರ್ಡ್ ಮಂಜೂರು ಮಾಡುವ ಮುನ್ನ ತಾಲ್ಲೂಕಿನ ಬಿಇಒ ಮೇಜಿನ ಮೇಲೆ ಅಂಥ ಇಪ್ಪತ್ತು ಶಾಲೆಗಳ ಹಾಳೆಗಳಿದ್ದರೆ, ಬೋರ್ಡ್ ಕೊಡಬೇಕೋ, ಇನ್ವರ್ಟರ್ ಕೊಡಬೇಕೋ, ಗಣಿತಕ್ಕೆ ಒಬ್ಬ ಅತಿಥಿ ಶಿಕ್ಷಕರನ್ನು ಕೊಡಬೇಕೋ ಎಂದು ಕೇಳುವುದಕ್ಕಾದರೂ ಒಂದು ಆಧಾರ ಸಿಗುತ್ತದೆ.